ಅರ್ಥ ಗೊತ್ತಿಲ್ಲದ ಅಡ್ಡಹೆಸರು

ನಮ್ಮೂರಲ್ಲಿ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಸುಮ್ಮನೆ ಕೂರುವುದಿಲ್ಲ, ದುಡಿಯುತ್ತದೆ. ಬೆಲ್ಲದವರ ಮನೆಗೆ ಹೋದರೆ ಹೊಸ್ತಿಲಿನಿಂದಲೇ ಇರುವೆಸಾಲು. ಅವರ ಮಂಚದ ಕಾಲುಗಳೆಲ್ಲ ನೀರಿನ ಬಟ್ಟಲಲ್ಲಿ ನಿಂತಿರುತ್ತವೆ. ತುಪ್ಪದವರ ಕೈಯಿಂದ ಹಿಡಿದದ್ದೆಲ್ಲ ಜಾರುತ್ತದೆ, ಅದಕ್ಕೇ ಅವರ ಕೈಗೆ ಯಾರೂ ಕೂಸು ಕೊಡುವುದಿಲ್ಲ. ಕುದರಿ ಮನೆತನದವರು ನಿಂತೇ ನಿದ್ದೆ ಮಾಡುತ್ತಾರೆ. ನಾನು ತುಂಗವ್ವ, ಹುಟ್ಟಿದ್ದು ಮೆಣಸಿನಕಾಯಿ ಮನೆತನದಲ್ಲಿ. ನನಗೆ ಸಿಟ್ಟು ಬಂದರೆ ಎದುರಿಗಿದ್ದವರು ಸೀನುತ್ತಾರೆ. ಸಣ್ಣ ಸಿಟ್ಟಿಗೆ ಒಂದು ಸೀನು, ದೊಡ್ಡ ಸಿಟ್ಟಿಗೆ ಓಣಿಗೆ ಓಣಿಯೇ. ಪರಊರಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಅವರ ಅಡ್ಡಹೆಸರುಗಳು ಮೈಗಳ್ಳರಾದರೆ ಅದಕ್ಕೆ ನಾವೇನು ಮಾಡೋಣ.

ಹೆಸರು ಬರುವುದಕ್ಕೆ ಮೂರು ದಾರಿ. ತೊಟ್ಟಿಲ ಕೂಸಿಗೆ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ, ಅವಳು ಏನು ಹೇಳಿದಳೋ ಅದೇ ಖಾಯಂ. ಹೆಣ್ಣುಮಕ್ಕಳಿಗೆ ತಾಳಿ ಬಿದ್ದೊಡನೆ ಗಂಡನ ಹೆಸರು ಬರುತ್ತದೆ, ತವರಿನದು ಅಲ್ಲೇ ಉದುರಿ ಹೋಗುತ್ತದೆ. ಮೂರನೆಯದು ತೊಡೆ. ದತ್ತು ತೆಗೆದುಕೊಳ್ಳುವವರು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಸಕ್ಕರೆ ಹಾಕಿದರೆ ಮುಗಿಯಿತು, ಕೂತವನಿಗೆ ಅವರ ಹೆಸರು. ಒಬ್ಬೊಬ್ಬರೂ ಬೇರೆ ಬೇರೆಯೇ ಕೂರಬೇಕು. ಇಷ್ಟು ವಯಸ್ಸಿನವರು ಮಾತ್ರ ಕೂರಬೇಕೆಂದು ಹಿರಿಯರು ಕಟ್ಟಳೆ ಹಾಕಿರಲಿಲ್ಲ. ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಮ್ಮದು ಖಾರದಪುಡಿ ಕುಟ್ಟುವ ಮನೆ. ಬ್ಯಾಸಗಿಯಲ್ಲಿ ಒನಕೆ ಹಿಡಿದು ನಿಂತರೆ ಬೆವರು ಕಣ್ಣಿಗಿಳಿಯುತ್ತದೆ, ಒರೆಸಿಕೊಳ್ಳೋಣವೆಂದರೆ ಕೈತುಂಬ ಖಾರ. ಅಂಥ ಹೊತ್ತಿಗೆ ಓಣಿಯ ಆ ತುದಿಯಲ್ಲಿ ಗುರುಪಾದ ಗಾಳಿ ಕಾಣಿಸಿಕೊಳ್ಳುತ್ತಿದ್ದ. ಅವನು ಗಾಳಿ ಮನೆತನದಲ್ಲಿ ಉಳಿದಿದ್ದ ಒಬ್ಬನೇ ಕುಡಿ. ಅವನು ಬರುವ ಮೊದಲು ಅವನ ಗಾಳಿ ಬರುತ್ತಿತ್ತು: ಮೊದಲು ಬೇವಿನ ಎಲೆ ಅಲ್ಲಾಡಬೇಕು, ಆಮೇಲೆ ನೆಲುವಿನ ಹಗ್ಗ, ಆಮೇಲೆ ನನ್ನ ಹಣೆಯ ಕೂದಲು. ನಾನು ಓಡಿಹೋಗಿ ಖಾರದ ಬುಟ್ಟಿ ಮುಚ್ಚುತ್ತಿದ್ದೆ. ಒಮ್ಮೆ ಮರೆತಿದ್ದಕ್ಕೆ ಹಿತ್ತಲ ಎಮ್ಮೆ ಹಗ್ಗ ಹರಿದುಕೊಂಡು ಓಡಿತ್ತು. ಬುಟ್ಟಿ ಮುಚ್ಚಿ, ಮುಖ ಮೇಲೆತ್ತಿ ಕಣ್ಣು ಮುಚ್ಚಿದರೆ ಬೆವರು ಆರುತ್ತಿತ್ತು. ಆ ಸುಖವನ್ನು ಹೇಳಲು ನನಗೆ ಬರುವುದಿಲ್ಲ. ಮದುವೆಯಾದರೆ ಆ ಹೆಸರು ನನಗೂ ಬರುತ್ತದೆ, ನನ್ನ ಸುತ್ತಲೂ ನನ್ನದೇ ಗಾಳಿ ಸುಳಿಯುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ನಾನು ಆಸೆಪಟ್ಟದ್ದು ಅರ್ಧ ಅವನನ್ನು, ಅರ್ಧ ಆ ಗಾಳಿಯನ್ನು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ಗುರುಪಾದ ನಡೆಸುತ್ತಿದ್ದದ್ದು ಹಿಟ್ಟಿನ ಗಿರಣಿ. ಗಾಳಿ ಮನೆಯವನು ಗಿರಣಿ ಹಾಕಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಡಬ್ಬಿ ತುಂಬ ಜೋಳ ಒಯ್ದವರು ಅರ್ಧ ಡಬ್ಬಿ ಹಿಟ್ಟು ತರುತ್ತಿದ್ದರು, ಉಳಿದರ್ಧ ಅವರ ಮೈಮೇಲಿರುತ್ತಿತ್ತು. ಗಿರಣಿ ಓಣಿಯ ನಾಯಿಗಳಿಗೆಲ್ಲ ಒಂದೇ ಬಣ್ಣ. ನಮ್ಮಪ್ಪ ಹಟ ಹಿಡಿದು ಕೂತಿದ್ದ. "ಹಿಟ್ಟು ಹಿಡಿದಿಟ್ಟುಕೊಳ್ಳಲಾರದವ ಹೇಣ್ತೀನ ಹೆಂಗ ಹಿಡಿದಿಟ್ಟುಕೋತಾನು?" ಎಂದು ಬಂದವರೆದುರೆಲ್ಲ ಕೇಳುತ್ತಿದ್ದ. ನಾನು ಸಿಟ್ಟಾಗಿ ನೋಡಿದರೆ ಅವನೂ ಮೆಣಸಿನಕಾಯಿಯೇ, ತಿರುಗಿ ಸಿಟ್ಟಾಗುತ್ತಿದ್ದ. ನಡುವೆ ಕೂತ ಅವ್ವ ಇಬ್ಬರ ಪಾಲಿಗೂ ಸೇರಿಸಿ ಸೀನುತ್ತಿದ್ದಳು.

ಇನ್ನು ಪಾನ್ಸ್‌ಫುಟ್ ಹೆಸರಿನ ವಿಷಯಕ್ಕೆ ಬರುತ್ತೇನೆ. ಅದು ನಮ್ಮೂರಲ್ಲಿದ್ದ ಒಂದೇ ಇಂಗ್ಲಿಷ್ ಅಡ್ಡಹೆಸರು. ಹಿಂದೆ ಯಾವಾಗಲೋ ಪಾನ್ಸ್‌ಫುಟ್ ಸಾಹೇಬನೆಂಬುವನು ನಮ್ಮೂರಿನ ನಕಾಶೆ ಬರೆಯಲು ಬಂದನಂತೆ. ಇಳಿದುಕೊಳ್ಳಲು ಊರವರು ತೋರಿಸಿದ್ದು ಗಾಳಿಯವರ ಜಗುಲಿ. ಬರೆದ ಹಾಳೆ ಬರೆದ ಹಾಗೆಯೇ ಹಾರಿಹೋಗುತ್ತಿತ್ತು. ಹಾಳೆಯ ಬೆನ್ನುಹತ್ತಿ ಓಡಿ ಓಡಿ ಒಂದು ದಿನ ಹೂಗಾರರ ಅಂಗಳದಲ್ಲಿ ಎಡವಿ ಬಿದ್ದ, ಎತ್ತಿದ ಹುಡುಗಿಯನ್ನೇ ಮದುವೆಯಾಗಿ ಇಲ್ಲೇ ಉಳಿದ. ಹಾಗಾಗಿ ನಮ್ಮೂರಿಗೆ ಇವತ್ತಿಗೂ ನಕಾಶೆ ಇಲ್ಲ. ಮದುವೆಗೆ ಮುಂಚೆ ಪಂಚರು ಅವನನ್ನು ಕೂರಿಸಿಕೊಂಡು, "ನಿಮ್ಮ ಅಡ್ಡಹೆಸರಿನ ಅರ್ಥ ಏನ್ರಿ?" ಎಂದು ಕೇಳಿದರು. ಕೇಳದೆ ಹೆಣ್ಣು ಕೊಡುವುದು ಹೇಗೆ. ಸಾಹೇಬ ಎರಡೂ ಕೈ ಮೇಲೆತ್ತಿ ತನಗೂ ಗೊತ್ತಿಲ್ಲ, ತನ್ನ ಅಪ್ಪನಿಗೂ ಗೊತ್ತಿರಲಿಲ್ಲ ಅಂದ. ಹೂಗಾರರು ಅದು ಯಾವುದೋ ಸೀಮೆಯ ಹೂವೆಂದರು, ದರ್ಜಿಗಳು ಒಂದು ಬಗೆಯ ಬಟ್ಟೆಯೆಂದರು, ಪಿಂಚಣಿ ಸುಬೇದಾರರು ಇದು ಪಲಟನ್ನಿನ ಹೆಸರೇ ಸೈ ಅಂದರು. ಆದರೆ ಹೆಸರು ಊಹೆಗೆ ಬಗ್ಗುವುದಿಲ್ಲ. ಖರೆ ಅರ್ಥ ಊರಿನ ಕಿವಿಗೆ ಬಿದ್ದ ಮೇಲೆಯೇ ಅದು ಕೆಲಸಕ್ಕೆ ನಿಲ್ಲುವುದು. ಹೀಗಾಗಿ ಪಾನ್ಸ್‌ಫುಟ್ ಮನೆಯವರಿಗೆ ಏನೂ ಆಗುತ್ತಿರಲಿಲ್ಲ. ಇರುವೆಯಿಲ್ಲ, ಸೀನಿಲ್ಲ, ಜಾರುವುದಿಲ್ಲ. ಊರವರು ಅವರನ್ನು ಪುಣ್ಯವಂತರೆಂದು ಕರೆಯುತ್ತಿದ್ದರು.

ನಾನು ದೊಡ್ಡವಳಾಗುವ ಹೊತ್ತಿಗೆ ಆ ಮನೆಯಲ್ಲಿ ಉಳಿದವಳು ಸಾವಂತ್ರೆವ್ವ ಆಯಿ ಒಬ್ಬಳೇ. ಸಾಹೇಬನ ಮೊಮ್ಮಗನ ಹೆಂಡತಿ. ಗಂಡ ತೀರಿಕೊಂಡಿದ್ದ, ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಹೆಸರಿಗೆ ಸೇರಿದ್ದರು. "ನಾ ಹೋದ್ರ ಈ ಹೆಸರೂ ನನ್ನ ಕೂಡ ಮಣ್ಣಾಕ್ಕೈತಿ" ಎಂಬ ಒಂದೇ ಕೊರಗು ಮುದುಕಿಗೆ. ಆ ಕೊರಗು ಕಲ್ಲಪ್ಪ ಉಳ್ಳಾಗಡ್ಡಿಯ ಕಿವಿಗೆ ಬಿತ್ತು. ಕಲ್ಲಪ್ಪನ ಕಷ್ಟ ಊರಿಗೇ ಗೊತ್ತಿದ್ದದ್ದು. ಉಳ್ಳಾಗಡ್ಡಿ ಅಂದರೆ ಈರುಳ್ಳಿ, ಆ ಮನೆಯವರು ಎದುರು ಕೂತರೆ ಯಾರಿಗಾದರೂ ಕಣ್ಣಲ್ಲಿ ನೀರು. ಕಲ್ಲಪ್ಪ ಕನ್ಯೆ ನೋಡಲು ಹೋದಲ್ಲೆಲ್ಲ ಹುಡುಗಿ ತಟ್ಟೆ ಹಿಡಿದು ಬಂದು, ಅವನನ್ನು ನೋಡಿ ಬಳಬಳ ಅಳುತ್ತಿದ್ದಳು. ಹಿರಿಯರು, "ಕೂಸಿಗೆ ಮನಸ್ಸಿಲ್ಲ ಕಾಣತೈತ್ರಿ" ಎಂದು ಅವಲಕ್ಕಿ ತಿನ್ನಿಸಿ ಕಳಿಸುತ್ತಿದ್ದರು. ಅವಲಕ್ಕಿ ತಿಂದು ತಿಂದು ಬೇಸತ್ತ ಕಲ್ಲಪ್ಪ ಒಂದು ಬೆಳಿಗ್ಗೆ ತೆಂಗಿನಕಾಯಿ, ಕುಪ್ಪಸದ ಖಣ ಹಿಡಿದು ಆಯಿಯ ಬಾಗಿಲಿಗೆ ಹೋದ. "ಆಯಿ, ನಾ ನಿಮ್ಮ ಮಗ ಆಗ್ತೀನಿ" ಅಂದ. ಆಯಿ ಅವನ ಮೀಸೆಯನ್ನೊಮ್ಮೆ, ತನ್ನ ಮೊಣಕಾಲನ್ನೊಮ್ಮೆ ನೋಡಿಕೊಂಡು, "ಹಗೂರಕ ಕುಂದ್ರಪಾ" ಅಂದಳು.

ಕಲ್ಲಪ್ಪ ಪಾನ್ಸ್‌ಫುಟ್ ಅದೇ ವಾರ ಕನ್ಯೆ ನೋಡಲು ಹೋದ. ಹುಡುಗಿ ಒಣಗಣ್ಣಿನಿಂದ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸ್ಪಷ್ಟವಾಗಿ "ಒಲ್ಲೆ" ಅಂದಳು. ಕಲ್ಲಪ್ಪ ಕುಣಿಯುತ್ತ ಮನೆಗೆ ಬಂದ. ನಕಾರವಾದರೂ ಕಣ್ಣೀರಿಲ್ಲದ ನಕಾರ. ಮುಂದಿನ ಊರಿನ ಹುಡುಗಿ ಹೂಂ ಅಂದಳು, ಮದುವೆಯೂ ಆಯಿತು. ಅಲ್ಲಿಂದ ಶುರುವಾಯಿತು ನೋಡಿ. ತುಪ್ಪದವರು ಬಂದರು, ಬೆಲ್ಲದವರು ಮೈಮೇಲಿನ ಇರುವೆ ಝಾಡಿಸಿಕೊಳ್ಳುತ್ತಲೇ ಬಂದರು, ಕುದರಿಯವರು ಸಾಲಿನಲ್ಲಿ ನಿಂತಲ್ಲೇ ಗೊರಕೆ ಹೊಡೆದರು. ನಿವೃತ್ತ ಹೆಡ್‌ಮಾಸ್ತರರಾದ ಕಡ್ಲಿ ಮಾಸ್ತರರೂ ಬಂದರು. ಅವರು ಎಲ್ಲಿ ಕೂತರೂ ಪಾರಿವಾಳ ಮುತ್ತುತ್ತಿದ್ದವು. ಕರಿಹಲಗೆಯ ಮೇಲೆ ಬರೆಯುವಾಗ ಎರಡೂ ಹೆಗಲ ಮೇಲೆ ಪಾರಿವಾಳ ಇಟ್ಟುಕೊಂಡೇ ಇಡೀ ನೌಕರಿ ಮುಗಿಸಿದ್ದರು. ಆಯಿಯ ತೊಡೆಯ ಮೇಲೆ ಮೊದಲು ಚಾದರ, ಆಮೇಲೆ ದಿಂಬು, ಕೊನೆಗೆ ಒಂದು ಹಲಗೆ ಬಂತು. ಮುದುಕಿಗೆ ನೋವಾಗುತ್ತಿತ್ತು, ಆದರೆ ಮುಖ ಮಾತ್ರ ಮದುವೆಮನೆ. "ಎಲ್ಲಾರೂ ಬರ್ರೆಪಾ, ಸಕ್ಕರಿ ತೀರೂಮಟ ಬರ್ರಿ" ಎಂದು ಕರೆಯುತ್ತಿದ್ದಳು.

ಊರಿಗೆ ಹುಚ್ಚು ಹಿಡಿದಂತಾಯಿತು. ತುಪ್ಪದವರ ಹೆಂಗಸರು ತುಂಬಿದ ಕೊಡ ತಲೆಯ ಮೇಲಿಟ್ಟು, ಕೈಬಿಟ್ಟು, ಮತ್ತೆ ಹಿಡಿದು, ಬೇಕೆಂದೇ ಓಣಿ ಸುತ್ತಿದರು. ಕುದರಿಯವರು ಚಾಪೆ ಹಾಸಿ ಮಲಗಿದವರು ಮಧ್ಯಾಹ್ನವಾದರೂ ಏಳಲಿಲ್ಲ. ಅಡ್ಡ ಮಲಗುವುದರಲ್ಲಿ ಇಷ್ಟು ಸುಖವಿದೆಯೆಂದು ಯಾರೂ ಹೇಳಿರಲಿಲ್ಲವೆಂದು ಬೈದರು. ಬೆಲ್ಲದವರು ಮಂಚದ ಕಾಲಿನ ಬಟ್ಟಲುಗಳನ್ನು ಬಾವಿಗೆ ಎಸೆದರು. ಒಬ್ಬರನ್ನೊಬ್ಬರು ಕಂಡರೆ, "ಏನ್ರಿ ಪಾನ್ಸ್‌ಫುಟ್‌ರ?" "ಏನಿಲ್ರಿ ಪಾನ್ಸ್‌ಫುಟ್‌ರ" ಎಂದು ನಗುವುದೇ ನಗುವುದು. ನಮ್ಮ ಅಪ್ಪ ಅವ್ವ ಕೂಡ ಹೋಗಿ ಕೂತು ಬಂದರು. ಸಿಟ್ಟಿನ ಅಪ್ಪ ಜಗುಲಿಯ ಮೇಲೆ ಕೂತು ಬಂದವರಿಗೆಲ್ಲ ಕೈಮುಗಿಯತೊಡಗಿದ. ನನಗೆ ನೋಡಲಾಗಲಿಲ್ಲ.

ಗುರುಪಾದನೂ ಹೋದ. ನನಗೆ ಹೇಳದೆ ಹೋದ. ಆ ದಿನ ನಾನು ಅಂಗಳದಲ್ಲಿ ಕುಟ್ಟುತ್ತಿದ್ದೆ, ಅವನು ಎದುರು ಬಂದು ನಿಂತ, ನನಗೆ ಗೊತ್ತಾಗಲೇ ಇಲ್ಲ. ಬೇವಿನ ಎಲೆ ಅಲ್ಲಾಡಿರಲಿಲ್ಲ. ತಲೆಯೆತ್ತಿ ನೋಡಿದರೆ ಅವನ ಕ್ರಾಪು ಎಣ್ಣೆ ಹಚ್ಚಿ ಕೂರಿಸಿದ ಹಾಗೆ ಕೂತಿತ್ತು. ಬಾಯಲ್ಲಿ ಇನ್ನೂ ಸಕ್ಕರೆಯಿತ್ತು.

"ಇನ್ನ ಹಿಟ್ಟು ಹಾರೂದಿಲ್ಲ ತುಂಗಿ," ಅಂದ. "ನಿಮ್ಮಪ್ಪ ಇನ್ನ ಏನೂ ಅನ್ನಂಗಿಲ್ಲ. ನಾ ನಿನ್ನ ಸಲುವಾಗೇ ಹೋಗಿ ಬಂದೆ."

"ನನ್ನ ಸಲುವಾಗಿ ಹೋಗೂ ಮುಂದ ನನಗೊಂದು ಮಾತು ಕೇಳಬೇಕಿತ್ತಲ್ಲ," ಅಂದೆ.

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ. ಅದಕ್ಕ ಕೇಳಬೇಕಿತ್ತು."

ಅವನು ಸೀನಿದ. ಮತ್ತೆ ಸೀನಿದ. ನನ್ನ ಕಣ್ಣಿಗೆ ಬೆವರಿಳಿಯುತ್ತಿತ್ತು, ಒರೆಸಿಕೊಳ್ಳಲು ಆಗುತ್ತಿರಲಿಲ್ಲ. ಅವನು ತನ್ನ ಅಂಗಿಯ ಚುಂಗಿನಿಂದ ಒರೆಸಲು ಬಂದ, ನಾನು ಮುಖ ತಿರುಗಿಸಿದೆ. ಅವನ ಅಕ್ಕ ನೀಲಕ್ಕ ಕೂಡ ಆ ವಾರ ಅವನೊಡನೆ ಮಾತು ಬಿಟ್ಟಳು. ನೀಲಕ್ಕನನ್ನು ನಮ್ಮೂರಿನ ಎಣ್ಣಿಯವರ ಮನೆಗೇ ಕೊಟ್ಟಿದ್ದರು. ಅವಳು ತಿಂಗಳಿಗೊಮ್ಮೆ ತವರಿಗೆ ಬಂದು, ತಮ್ಮನನ್ನು ಎದುರು ಕೂರಿಸಿಕೊಂಡು, ಜಡೆ ಬಿಚ್ಚಿ ಅವನ ಗಾಳಿಗೆ ಕಣ್ಣುಮುಚ್ಚಿ ಕೂರುತ್ತಿದ್ದಳು. ಊಟ ಬೇಡ, ಸೀರೆ ಬೇಡ, ಹಾಗೆ ಕೂತು ಎದ್ದು ಹೋಗುತ್ತಿದ್ದಳು. "ನನ್ನ ತವರಮನೀನ ಕಳದ ಬಿಟ್ಟಿ" ಎಂದು ತಮ್ಮನಿಗೆ ಹೇಳಿ ಹೋದವಳು ಮತ್ತೆ ಬಂದಿರಲಿಲ್ಲ. ಎಣ್ಣಿಯವರ ಮನೆಯೂ ಪಾನ್ಸ್‌ಫುಟ್ ಆಗಿತ್ತು, ಅವಳನ್ನೂ ಅತ್ತೆ ಕೈಹಿಡಿದು ಒಯ್ದು ಕೂರಿಸಿದ್ದಳು.

ನನ್ನನ್ನೂ ಕೂರಿಸಬೇಕೆಂದು ಅವ್ವ ಒಯ್ದಳು. ಸಾಲಿನಲ್ಲಿ ನಿಂತು ಆಯಿಯ ತೊಡೆಯ ಮೇಲಿನ ಹಲಗೆ ಕಂಡದ್ದೇ ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನವರು, ಹಿಂದಿನವರು, ಆಯಿ, ಆಯಿಯ ಬೆಕ್ಕು, ಎಲ್ಲರೂ ಸೀನಿದರು. ಸಕ್ಕರೆ ಹಾರಿಹೋಯಿತು. "ಈಕಿ ತಣ್ಣಗಾದ ಮ್ಯಾಲೆ ಕರಕೊಂಬರ್ರೆವಾ" ಅಂದಳು ಆಯಿ. ನಾನು ತಣ್ಣಗಾಗಲಿಲ್ಲ. ಗಾಳಿಯೇ ಇಲ್ಲದ ಊರಲ್ಲಿ ತಣ್ಣಗಾಗುವುದು ಹೇಗೆ. ಹೀಗೆ ಊರಿಗೆ ಊರೇ ಪಾನ್ಸ್‌ಫುಟ್ ಆಗಿ, ನಾನೊಬ್ಬಳು ಮೆಣಸಿನಕಾಯಿ ಉಳಿದೆ.

ಇಂಥ ಹೊತ್ತಿಗೆ ಮಿಸ್ ಪಾನ್ಸ್‌ಫುಟ್ ಬಂದಳು. ಸಾಹೇಬನ ಮನೆತನದವಳು, ಸಾಹೇಬನ ತಮ್ಮನ ಕಡೆಯವಳಂತೆ. ನಕಾಶೆಯಿಲ್ಲದ ಊರನ್ನು ಹುಡುಕಿಕೊಂಡು ಎಷ್ಟು ಬಸ್ಸು ಇಳಿದು ಹತ್ತಿದ್ದಳೋ, ಕೊನೆಗೆ ಕೆಂಪು ಮುಖ, ದೊಡ್ಡ ಟೋಪಿ, ಡೊಳ್ಳಿನಂಥ ಹೊಟ್ಟೆಯ ಸಮೇತ ಊರಬಾಗಿಲ ಅಗಸಿಯ ಮುಂದೆ ಇಳಿದಳು. ನಿಮ್ಮ ಹೆಸರೇನೆಂದು ಇಂಗ್ಲಿಷಿನಲ್ಲಿ ಮೊದಲು ಸಿಕ್ಕವನನ್ನು ಕೇಳಿದಳು. ಪಾನ್ಸ್‌ಫುಟ್ ಅಂದ. ಎರಡನೆಯವನೂ ಅದನ್ನೇ ಅಂದ. ಚಹಾದ ಅಂಗಡಿಯವನು, ಕ್ಷೌರದವನು, ಬಳೆಗಾರ, ಎಲ್ಲರೂ ಪಾನ್ಸ್‌ಫುಟ್. ಪಾಪ, ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟಳು. ಅವಳ ಸೀಮೆಯಲ್ಲಿ ಈ ಹೆಸರಿನವರು ಬೆರಳ ಮೇಲೆ ಎಣಿಸುವಷ್ಟು ಜನವಂತೆ. ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರಂತೆ. ಇಲ್ಲಿ ನೋಡಿದರೆ ದಾರಿತುಂಬ ಬಂಧುಗಳು.

ಅವಳಿಗೆ ಚಾವಡಿಯ ಮುಂದೆ ಸತ್ಕಾರ ಇಟ್ಟರು. ಶಾಲು, ಹಾರ, ಫಲತಾಂಬೂಲ. ಆಯಿಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಗುರುಪಾದ ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ನಾನು ಎಲ್ಲರಿಗಿಂತ ಹಿಂದೆ, ಬೇಕಂತಲೇ ದೂರ ನಿಂತಿದ್ದೆ. ಮಿಸ್ ಮಾತಾಡುವುದು, ಮಾಸ್ತರರು ಅದನ್ನು ಕನ್ನಡ ಮಾಡುವುದು. ಮಾಸ್ತರರಿಗೆ ಖುಷಿಯೋ ಖುಷಿ, ಹೆಗಲ ಮೇಲೆ ಪಾರಿವಾಳವಿಲ್ಲದ ಮೊದಲ ಭಾಷಣ. ಹೆಸರು ಬಹಳ ಹಳೆಯದೆಂದರು. ಸಮುದ್ರ ದಾಟಿ ಬಂದ ರಾಜನ ದಂಡಿನ ಜೊತೆಗೆ ಫ್ರಾನ್ಸಿನ ಕಡೆಯಿಂದ ಬಂದದ್ದೆಂದರು. ಜನ ಚಪ್ಪಾಳೆ ತಟ್ಟಿದರು. ಸುಬೇದಾರರ ಮೊಮ್ಮಗ, "ನಮ್ಮಜ್ಜ ಹೇಳಿದ್ನಿಲ್ಲೋ, ದಂಡಿಂದು ಅಂತ" ಎಂದು ಎದೆ ಉಬ್ಬಿಸಿದ. ಆಮೇಲೆ ಮಿಸ್ ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು, ನಗುತ್ತ ಏನೋ ಅಂದಳು. ಮಾಸ್ತರರು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು.

"ಮುಂದ ಹೇಳ್ರಿ ಮಾಸ್ತರ," ಅಂದ ಕಲ್ಲಪ್ಪ.

"ಏನಿಲ್ಲ ಬಿಡ್ರೆಪಾ. ಊಟಕ್ಕ ಏಳೂಣು," ಅಂದರು ಮಾಸ್ತರರು. ಅವರ ಹಣೆಯ ಮೇಲೆ ಬೆವರು ಮೂಡಿತ್ತು.

"ಅರ್ಥ ಹೇಳಿದ್ರಲ್ಲ ಬಾಯಾರು. ನಮಗೂ ಹೇಳ್ರಿ," ಎಂದು ಇಡೀ ಚಾವಡಿ ಎದ್ದಿತು. ಅರ್ಥ ಬಂದರೆ ಏನಾಗುತ್ತದೆಂದು ಹುಟ್ಟಿದಾಗಿನಿಂದ ಗೊತ್ತಿದ್ದ ಜನ, ಖುಷಿಯಲ್ಲಿ ಅದನ್ನೇ ಮರೆತಿದ್ದರು. ಕೆಲವರು ಮಾಸ್ತರರ ಭುಜ ಹಿಡಿದು ಅಲ್ಲಾಡಿಸಿದರು. ವಯಸ್ಸಾದ ಮನುಷ್ಯನನ್ನು ಹಾಗೆ ಹಿಡಿದು ಅಲ್ಲಾಡಿಸುವುದೆಂದರೇನು. ನನಗೆ ತಡೆಯಲಾಗಲಿಲ್ಲ. "ಬಿಡ್ರಿ ಅವರನ್ನ, ಹೇಳಬ್ಯಾಡ್ರಿ ಮಾಸ್ತರ" ಎಂದು ಗದರಿದೆ. ಸಿಟ್ಟು ಹೋಗಿ ನೇರ ಮಾಸ್ತರರ ಮೂಗಿಗೇ ಬಡಿಯಿತು. ಅವರು ಹಲ್ಲು ಕಚ್ಚಿ ಹಿಡಿದಿದ್ದ ಮಾತು ಸೀನಿನ ಜೊತೆ ಹೊರಗೆ ಬಂತು. "ಆಕ್ಷೀ" ಅಂದವರೇ, "ಡೊಳ್ಳ ಹೊಟ್ಟಿ" ಅಂದುಬಿಟ್ಟರು.

ತಪ್ಪು ನನ್ನದೆನ್ನುವವರು ಇಂದಿಗೂ ಇದ್ದಾರೆ. ಅನ್ನಲಿ, ಅವರು ಭುಜ ಬಿಟ್ಟಿದ್ದರೆ ನಾನು ಗದರುತ್ತಿರಲಿಲ್ಲ.

ಮೊದಲು ಕಲ್ಲಪ್ಪನ ಅಂಗಿಯ ಗುಂಡಿ ಕಿತ್ತು ಹೋಗಿ ದೀಪದ ಕಂಬಕ್ಕೆ ಟಣ್ಣೆಂದು ಬಡಿಯಿತು. ಆಮೇಲೆ ಎಲ್ಲ ಕಡೆಯಿಂದ ಟಣ್ ಟಣ್. ಧೋತರದ ಕಚ್ಚೆ ಸಡಿಲಾದವು, ಕುಪ್ಪಸದ ಹೊಲಿಗೆ ಬಿಟ್ಟವು, ಬೆಂಚಿನ ಮೇಲೆ ಒತ್ತಿ ಕೂತಿದ್ದವರು ಒಬ್ಬರನ್ನೊಬ್ಬರು ನೂಕಿ ಎರಡೂ ತುದಿಯಿಂದ ಉದುರಿದರು. ಒಣಕಲು ಆಯಿ ತನ್ನ ಹೊಟ್ಟೆಯನ್ನು ತಟ್ಟಿ ನೋಡಿಕೊಂಡು, "ಇನ್ನ ತೊಡಿ ಮ್ಯಾಲೆ ಯಾರಿಗೂ ಜಾಗಾ ಇಲ್ಲವಾ" ಅಂದಳು. ಆಮೇಲೆ ಯಾರೋ ನಕ್ಕರು, ನಕ್ಕವರ ಹೊಟ್ಟೆ ಕುಲುಕಿತು, ಅದನ್ನು ನೋಡಿ ಇನ್ನೊಬ್ಬರು ನಕ್ಕರು, ಕೊನೆಗೆ ಚಾವಡಿಯ ಹೆಂಚು ಅದುರುವಷ್ಟು ನಗು. ಮಿಸ್ ಒಬ್ಬೊಬ್ಬರನ್ನಾಗಿ ಹೊಟ್ಟೆಗೆ ಹೊಟ್ಟೆ ತಾಗಿಸಿ ತಬ್ಬಿಕೊಂಡಳು. ಇಷ್ಟು ದಿನ ಆಡಿಕೊಂಡವರ ನಡುವೆ ಬದುಕಿದವಳು, ತನ್ನ ಜನ ಸಿಕ್ಕರೆಂದು ಮತ್ತೊಮ್ಮೆ ಅತ್ತಳು.

ಮರುದಿನದ ಹೊತ್ತಿಗೆ ನಗು ಇಳಿಯಿತು. ಬಗ್ಗಿ ಕಸ ಹೊಡೆಯಲಾಗದು, ಚಪ್ಪಲಿ ಕಾಣದು, ಬಾವಿಯ ಗಾಲಿಗೆ ಕೈ ನಿಲುಕದು. ಹೆಸರು ಬಿಡಬೇಕೆಂದರೆ ಬೇರೆ ಹೆಸರಿನವರ ತೊಡೆ ಬೇಕು. ಊರಲ್ಲಿ ಉಳಿದಿದ್ದ ಬೇರೆ ತೊಡೆ ನನ್ನದೊಂದೇ.

ನಮ್ಮ ಅಂಗಳದಲ್ಲಿ ಸಾಲು ಹತ್ತಿತು. ಮದುವೆಯಾಗದ ಹುಡುಗಿಯ ಮುಂದೆ ಮೊಮ್ಮಕ್ಕಳನ್ನು ಕಂಡವರು ಕಾಯಿ ಹಿಡಿದು ನಿಂತರು. ನಮ್ಮಪ್ಪನೂ ಸಾಲಿನಲ್ಲಿದ್ದ. ಅವ್ವ ಅವನ ತೋಳು ಹಿಡಿದೆಳೆದು, "ನೀ ಆಕಿಗೆ ಮಗ ಆದ್ರ ನಾ ಆಕಿಗೆ ಸೊಸಿ ಆಗಬೇಕೇನು? ಸುಮ್ನ ಹೊಟ್ಟಿ ಹೊತ್ಕೊಂಡು ಒಳಗ ಬಾ" ಅಂದಳು. ಮೊದಲು ಬಂದವರು ಮಾಸ್ತರರು. ಕಣ್ಣು ತಗ್ಗಿಸಿ, "ತುಂಗವ್ವ, ಬಗ್ಗಿ ಪುಸ್ತಕ ಎತ್ತಾಕ ಬರವಲ್ದು" ಅಂದರು. ನನಗೆ ಅಕ್ಷರ ಕಲಿಸಿದವರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೂರಿಸಿಕೊಂಡೆ, ಸಕ್ಕರೆ ಹಾಕಿದೆ. ಹೊಟ್ಟೆ ಇಳಿಯಿತು. ಎದ್ದು ನಿಂತು, "ಬರ್ತೀನಿ ಅವ್ವಾ" ಅಂದರು. ಅವರ ಹಿಂದಿದ್ದವನು ಬೇಗ ಬೇಗ ಎಂದು ನೂಕಿದ್ದಕ್ಕೆ ಮಾಸ್ತರರು ಹಿಂತಿರುಗಿ ಒಮ್ಮೆ ದಿಟ್ಟಿಸಿದರು, ಅವನು ಸೀನಿದ. ಮಾಸ್ತರರ ಮುಖದಲ್ಲಿ ಮೂಡಿದ ಸಂತೋಷವನ್ನು ನೋಡಬೇಕಿತ್ತು. ಆಯುಷ್ಯವಿಡೀ ಹುಡುಗರ ಗದ್ದಲದಲ್ಲಿ ಇದೊಂದು ಇದ್ದಿದ್ದರೆ ಎಂದುಕೊಂಡಿರಬೇಕು.

ಆಗ ಸಾಲಿನಲ್ಲಿ ಗುರುಪಾದ ಕಂಡ. ಕೈಯಲ್ಲಿ ಕಾಯಿ, ಮುಂದೆ ಹೊಟ್ಟೆ, ಹೊಟ್ಟೆಯ ಮೇಲೆ ಹಿಟ್ಟು. ಅವನು ನನ್ನ ತೊಡೆಯ ಮೇಲೆ ಕೂತರೆ ನನ್ನ ಮಗ, ಆಮೇಲೆ ಮದುವೆಯ ಮಾತೆಲ್ಲಿ. ಮಾಸ್ತರರ ತೊಡೆಯ ಮೇಲೆ ಕೂತರೆ ಮೊಮ್ಮಗ, ಅದೂ ಆಗದು. ಅವನು ಹೊಟ್ಟೆ ಬಿಡಬೇಕೆಂದರೆ ನನ್ನನ್ನು ಬಿಡಬೇಕು. ಹೊಟ್ಟೆ ಇಟ್ಟುಕೊಂಡರೆ, ತಾಳಿ ಬಿದ್ದೊಡನೆ ನನಗೂ ಹೊಟ್ಟೆ. ಸಾಲು ಮುಂದೆ ಸರಿದು ಅವನು ಎದುರಿಗೆ ಬಂದು ನಿಂತ. ನಾನು ಸಕ್ಕರೆಯ ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಕುಂದರ್ತೀಯೇನು?" ಎಂದು ಕೇಳಿದೆ.

"ಈ ಸಲ ಕೇಳಿ ಮಾಡೂಣು ಅಂತ ಬಂದೆ," ಅಂದ. "ನೀ ಕುಂದ್ರು ಅಂದ್ರ ಕುಂದರ್ತೀನಿ. ನನ್ನ ಕೇಳಿದ್ರ, ಹೊಟ್ಟಿ ಇರ್ಲಿ, ನೀ ಹೋಗಬ್ಯಾಡ. ಆದ್ರ ಹೊಟ್ಟಿ ನಿನಗೂ ಬರತೈತಿ. ಅದಕ್ಕ ಕೇಳಾಕತ್ತೀನಿ."

"ಗಾಳಿ ಬರೂದಿಲ್ಲಲ್ಲ," ಅಂದೆ.

"ಇಲ್ಲ. ಅದನ್ನ ನಾ ಕಳದೆ," ಅಂದ. ಆಮೇಲೆ ಕಾಯಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪಕ್ಕದಲ್ಲಿದ್ದ ಮೊರ ಎತ್ತಿ, ನನ್ನ ಮುಖಕ್ಕೆ ಬೀಸತೊಡಗಿದ. ಮೊರದಲ್ಲಿ ಖಾರದ ಚೂರಿತ್ತು, ಸಾಲಿಗೆ ಸಾಲೇ ಸೀನಿತು, ಅವನೂ ಸೀನಿದ, ಸೀನುತ್ತಲೇ ಬೀಸಿದ. ಹೊಟ್ಟೆ ಕುಲುಕುತ್ತಿತ್ತು. ಒಂದು ಮಣ ಸಿಟ್ಟು ಇಟ್ಟುಕೊಂಡಿದ್ದೆ ಅವನ ಮೇಲೆ. ಎಲ್ಲಿ ಹೋಯಿತೋ. ಅವನನ್ನೇ ಆಸೆಪಟ್ಟಿದ್ದ ಅರ್ಧ, ಇಡಿಯಾಗಿ ಉಳಿದುಬಿಟ್ಟಿತು. ಸಕ್ಕರೆ ಬಟ್ಟಲನ್ನು ಕೆಳಗಿಟ್ಟು, "ಮುಂದಿನವರು ಮಾಸ್ತರ ತೊಡಿಗೆ ಹೋಗ್ರಿ. ನಾ ಇನ್ನ ಯಾರಿಗೂ ಅವ್ವ ಅಲ್ಲ" ಅಂದೆ.

ಮಗನೇ ತಾಯಿಯನ್ನು ಧಾರೆ ಎರೆದುಕೊಟ್ಟ ಮದುವೆ ನಮ್ಮದು. ಮಾಸ್ತರರು ಕಣ್ಣೊರೆಸಿಕೊಂಡರು, ಮಿಸ್ ಅಕ್ಕಿಕಾಳು ಹಾಕಿದಳು. ತಾಳಿ ಬಿದ್ದದ್ದೇ ಸೆರಗಿನ ಕೆಳಗೆ ನನ್ನ ಹೊಟ್ಟೆ ಉಬ್ಬಿತು, ಮದುಮಕ್ಕಳಿಬ್ಬರೂ ಹಾರ ಬದಲಿಸಲು ಕೈ ನಿಲುಕದೆ ಒದ್ದಾಡಿದೆವು. ಬೀಗರ ಪಂಕ್ತಿಯಲ್ಲಿ ಹೋಳಿಗೆ ಸಾಲದೆ ಹೋದಾಗ ನನಗೆ ರೇಗಿತು, ಯಾರೂ ಸೀನಲಿಲ್ಲ. ಅಷ್ಟು ಖುಷಿಯ ನಡುವೆಯೂ ಹೊಟ್ಟೆಯೊಳಗೆ ಖಾಲಿಯೆನಿಸಿತು. ನನ್ನ ಸಿಟ್ಟು ನನಗೆ ಬಹಳ ದಿನದ ಗೆಳತಿಯಾಗಿತ್ತು. ನೀಲಕ್ಕ ಮಾತ್ರ ಮದುವೆಗೆ ಬಂದವಳು ಒಂದು ಮೂಲೆಯಲ್ಲಿ ಕೂತು, ಕಟ್ಟಿದ ಜಡೆಯಲ್ಲೇ ಎದ್ದು ಹೋದಳು.

ಆಮೇಲೆ ನಾನು ಬಸುರಿಯಾದೆ. ಮೂರು ತಿಂಗಳೋ ಏಳು ತಿಂಗಳೋ ಊರಲ್ಲಿ ಯಾರಿಗೂ ತಿಳಿಯಲಿಲ್ಲ. ಮೆಣಸಿನಕಾಯಿ ಆಗುವುದಕ್ಕಿಂತ ಹೊಟ್ಟೆಯೇ ವಾಸಿಯೆಂದು ಹೆಚ್ಚಿನವರು ಮಾಸ್ತರರ ಸಾಲು ಬಿಟ್ಟಿದ್ದರು, ಅವರದೂ ಹಾಗೆಯೇ ಇತ್ತಲ್ಲ. ಗುರುಪಾದ ನನ್ನ ಜೊತೆ ನಡೆದರೆ ಬಯಕೆ ಊಟಕ್ಕೆ ಇಬ್ಬರನ್ನೂ ಕರೆಯುತ್ತಿದ್ದರು. ಬ್ಯಾಸಗಿಯ ಉರಿಯಲ್ಲಿ ಮಗಳು ಹುಟ್ಟಿದಳು.

ಹೆಸರಿಡುವ ದಿನ ನೀಲಕ್ಕನಿಗೆ ಕರೆ ಹೋಯಿತು. ಸೋದರತ್ತೆಯಲ್ಲವೆ, ಬರದೆ ಹೇಗೆ. ಬಂದಳು. ಗಿರಣಿಯ ಹಿಂದಿನ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ್ದೆವು. ಎಲೆ ಅಲ್ಲಾಡದ ಮಧ್ಯಾಹ್ನ, ಒಳಗೆ ಅಷ್ಟೊಂದು ಹೊಟ್ಟೆಗಳು, ನಿಲ್ಲಲು ಜಾಗವಿಲ್ಲ. ಬೆವರು ನನ್ನ ಕಣ್ಣಿಗೆ ಇಳಿಯುತ್ತಿತ್ತು. ಗುರುಪಾದ ತೊಟ್ಟಿಲ ಹಗ್ಗ ಹಿಡಿದು ತೂಗುತ್ತಿದ್ದ. ನಾನು ಕೂಸಿನ ಹೊಟ್ಟೆಯನ್ನೇ ನೋಡುತ್ತಿದ್ದೆ. ನೀಲಕ್ಕ ಹೆಸರು ಹೇಳಿದ್ದೇ ಅದೂ ಉಬ್ಬುತ್ತದೆ, ಈ ನುಗ್ಗೆಕಾಯಿಯಂಥ ಕಾಲು ಅದನ್ನು ಹೇಗೆ ಹೊರುತ್ತವೋ ಎಂದು ಅದರ ಪಾದ ಸವರುತ್ತಿದ್ದೆ. ಕೂಸು ಹುಟ್ಟಿದ ಮನೆಯ ಹೆಸರನ್ನು ಬಿಟ್ಟು ಬೇರೆ ಹೆಸರನ್ನು ಯಾವ ಸೋದರತ್ತೆಯೂ ಈವರೆಗೆ ಹೇಳಿದ್ದಿಲ್ಲ.

ನೀಲಕ್ಕ ಬಗ್ಗಿದಳು. ಹೊಟ್ಟೆ ಅಡ್ಡ ಬಂತು, ಮಂಡಿಯೂರಿ ಮತ್ತೆ ಬಗ್ಗಿದಳು. ಹೆಂಗಸರು ಬೆನ್ನಿಗೆ ಗುದ್ದತೊಡಗಿದರು. "ಲಗೂನ ಹೇಳ ನೀಲಕ್ಕ, ಏನ ಯೋಚನಿ ಮಾಡ್ತೀ?" ಎಂದು ಅವ್ವ ಅಂದಳು. ನೀಲಕ್ಕ ಒಮ್ಮೆ ತಲೆಯೆತ್ತಿ ತಮ್ಮನನ್ನು ನೋಡಿದಳು. ಎಷ್ಟೋ ದಿನದ ಮೇಲೆ ನೋಡಿದಳು. ಆಮೇಲೆ ಕೂಸಿನ ಕಿವಿಗೆ ಬಾಯಿ ಹಚ್ಚಿ, ಗುದ್ದು ತಿನ್ನುತ್ತಲೇ, ನಮಗೆ ಯಾರಿಗೂ ಕೇಳಿಸದ ಹಾಗೆ ಏನೋ ಹೇಳಿದಳು.

ಕೂಸು ಆಕಳಿಸಿತು. ಅದರ ಹೊಟ್ಟೆ ಇದ್ದ ಹಾಗೆಯೇ ಇತ್ತು. ತೊಟ್ಟಿಲಿಗೆ ಕಟ್ಟಿದ್ದ ಗಿಳಿಯ ಗೊಂಚಲು ಒಮ್ಮೆ ತಿರುಗಿತು. ಬಾಗಿಲ ತೋರಣದ ಎಲೆ ಅಲ್ಲಾಡಿತು, ಆಮೇಲೆ ನೆಲುವಿನ ಹಗ್ಗ. ಗಿರಣಿಯ ಕಡೆಯಿಂದ ಹಿಟ್ಟು ಎದ್ದು ಪಡಸಾಲೆಯ ತುಂಬ ಸುಳಿಯಿತು, ಹೆಂಗಸರ ಹುಬ್ಬೆಲ್ಲ ಬೆಳ್ಳಗಾದವು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನೀಲಕ್ಕ ತೊಟ್ಟಿಲ ಪಕ್ಕದಲ್ಲೇ ಕೂತು, ಜಡೆ ಬಿಚ್ಚಿ ಕಣ್ಣು ಮುಚ್ಚಿದಳು. ನಾನು ಮುಖ ಮೇಲೆತ್ತಿದೆ. ಹಣೆಯ ಬೆವರು ಆರುತ್ತಿತ್ತು. ಗುರುಪಾದ ತನ್ನ ಕೈಯಲ್ಲಿ ಸಡಿಲಾಗಿ ಬಿದ್ದಿದ್ದ ಹಗ್ಗವನ್ನು ನೋಡುತ್ತ ನಿಂತಿದ್ದ. ಅವನು ತೂಗುವುದನ್ನು ಬಿಟ್ಟು ಆಗಲೇ ಎಷ್ಟೋ ಹೊತ್ತಾಗಿತ್ತು, ತೊಟ್ಟಿಲು ತೂಗುತ್ತಲೇ ಇತ್ತು.